ಜರ್ದಾಳು ತಿಂದು ತಂಗಿಯಾದದ್ದು

ನಾನು ನಮ್ಮಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನೋಡಿದವರಿಗೆ ತಾನಾಗಿ ತಿಳಿಯುವ ಸಂಗತಿಯಲ್ಲ ಇದು. ಅರವತ್ತರ ಹತ್ತಿರ ಬಂದರೂ ಅಕ್ಕನ ಮುಖ ಈಗಷ್ಟೇ ಹಂಚಿನಿಂದ ಇಳಿಸಿ ಬೆಣ್ಣೆ ಸವರಿದ ರೊಟ್ಟಿಯ ಹಾಗಿತ್ತು. ನನ್ನದೂ ಅದೇ ಹಿಟ್ಟಿನ ರೊಟ್ಟಿಯೇ, ಆದರೆ ಒಣಗಿಸಿ ಬುಟ್ಟಿಯಲ್ಲಿ ಜೋಡಿಸಿಟ್ಟ ಖಡಕ್ ರೊಟ್ಟಿ. ಇಬ್ಬರೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಶಿರಹಟ್ಟಿಯ ಬಿಸಿಲಲ್ಲಿ ಬೆಳೆದೆವು. ಆಮೇಲೆ ಅವಳನ್ನು ಮುಂಡರಗಿಗೆ ಕೊಟ್ಟರು, ನನ್ನನ್ನು ಬೆಟಗೇರಿಗೆ. ಬಿಸಿಲು ಎರಡೂ ಕಡೆ ಒಂದೇ. ಹಾಗಾದರೆ ತಪ್ಪು ಯಾರದು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ, ನನ್ನದಂತೂ ಅಲ್ಲ.

ಪಂಚಮಿ ಹಬ್ಬಕ್ಕೆ ನಾವಿಬ್ಬರೂ ತವರಿಗೆ ಹೋಗುವುದು ತಪ್ಪಿಸಿದವರಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವಾ ಉಂಡಿ ಎಲ್ಲ ತಿಂದು, ಮೊಣಕಾಲು ನೋವನ್ನು ಮರೆತು ಜೋಕಾಲಿ ಆಡಿ, ಹೊರಡುವ ದಿನ ಉಡಿ ತುಂಬಿಸಿಕೊಂಡು ಬರುತ್ತೇವೆ. ತವರಿನಿಂದ ಹೊರಟ ಹೆಣ್ಣುಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನ ಬೇರು ಸುರಿದು, ಮೇಲೊಂದು ಕುಪ್ಪಸದ ಖಣ ಇಟ್ಟು ಕಳಿಸುವುದು ನಮ್ಮ ಕಡೆಯ ಪದ್ಧತಿ. ಅದಕ್ಕೊಂದು ಸರದಿಯಿದೆ. ಹಿರಿಯವಳಿಗೆ ಮೊದಲು, ಕಿರಿಯವಳಿಗೆ ಆಮೇಲೆ. ನಮ್ಮವ್ವ ಇದ್ದಾಗ ಅವ್ವ ತುಂಬುತ್ತಿದ್ದಳು, ಅವಳ ನಂತರ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ. ಅಣ್ಣನ ಮಗನ ಮದುವೆಯಾದ ವರ್ಷ ಮಾತ್ರ ಆ ತಟ್ಟೆ ಹೊಸ ಸೊಸೆಯ ಕೈಗೆ ಬಂತು.

ಹುಡುಗಿ ಲಕ್ಷ್ಮೇಶ್ವರದವಳು. ಚುರುಕು, ನಗುಮುಖ, ಬಾಯ್ತುಂಬ ‘ಅತ್ತಿಯಾರ’ ಅನ್ನುತ್ತಾಳೆ. ಮದುವೆಯ ಗದ್ದಲದಲ್ಲಿ ನಮ್ಮನ್ನು ನೋಡಿದ್ದಳೇ ಹೊರತು ಯಾರು ಎಷ್ಟನೆಯವರೆಂದು ಗುರುತಿಟ್ಟುಕೊಂಡಿರಲಿಲ್ಲ. ವೈನಿ ಒಳಗೆ ನಮ್ಮ ಬುತ್ತಿ ಕಟ್ಟುತ್ತಿದ್ದಳು. ನಾವಿಬ್ಬರೂ ಚಾಪೆಯ ಮೇಲೆ ಕೂತಿದ್ದೆವು. ಹುಡುಗಿ ತಟ್ಟೆ ಹಿಡಿದು ಬಂದಳು, ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಏನೂ ಅನುಮಾನವಿಲ್ಲದೆ ನನ್ನ ಮುಂದೆ ಕೂತಳು.

"ಸೆರಗ ಹಿಡೀರಿ ಅತ್ತಿಯಾರ. ಮೊದಲ ಹಿರಿಯಾರಿಗೆ ತುಂಬಬೇಕಲ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಒಂದು ದನಿ ಬಂತು. "ಹೌದವಾ, ಮೊದಲ ನಮ್ಮಕ್ಕಗ ತುಂಬು. ನಂದೇನ ಅವಸರಿಲ್ಲ." ತಿರುಗಿ ನೋಡಿದರೆ ನಮ್ಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಭುಜ ಮಾತ್ರ ಕುಣಿಯುತ್ತಿತ್ತು.

ಉಡಿ ತುಂಬುವಾಗ ಜಗಳ ಮಾಡಬಾರದು. ಸೆರಗಿನಲ್ಲಿ ಬಿದ್ದದ್ದನ್ನು ಎತ್ತಿ ಪಕ್ಕದವಳ ಸೆರಗಿಗೆ ಹಾಕಲೂ ಬರುವುದಿಲ್ಲ. ನಾನು ಹಿರಿಯಕ್ಕನ ಪಾಲಿನ ಉಡಿ ಹೊತ್ತುಕೊಂಡು, ಒಂದು ತಾಸಿನಲ್ಲಿ ನಾಲ್ಕಲ್ಲ, ಎಂಟು ವರ್ಷ ದೊಡ್ಡವಳಾಗಿ ಎದ್ದೆ. ಬಸ್ ನಿಲ್ದಾಣಕ್ಕೆ ಬಂದ ಮೇಲೆ ಅಕ್ಕನ ತೋಳು ಹಿಡಿದು ಕೇಳಿದೆ.

"ಖರೆ ಹೇಳು. ಮಾರಿಗೆ ಏನ ಹಚಗೋತಿ?"

"ಏನೂ ಹಚ್ಚಂಗಿಲ್ಲಲೇ. ನಿಮ್ಮ ಮಾಮಾ ಜರ್ದಾಳು ತಿನಸ್ತಾರ. ತಿಂತೇನಿ."

ಜರ್ದಾಳು ಎಂದರೆ ಈಗಿನವರು ಏಪ್ರಿಕಾಟ್ ಎನ್ನುವ ಒಣಹಣ್ಣು. ಕಂದುಬಣ್ಣ, ಸುಕ್ಕುಗಟ್ಟಿದ ಮೈ, ಒಳಗೊಂದು ಗಟ್ಟಿ ಬೀಜ. ಅಷ್ಟು ಸುಕ್ಕಾದ ಹಣ್ಣು ತಿಂದವರ ಸುಕ್ಕು ಹೋಗುತ್ತದೆಂದರೆ ನಂಬುವುದು ಕಷ್ಟ. ಆದರೆ ಸಾಕ್ಷಿ ನನ್ನ ಮುಂದೆಯೇ ನಿಂತು ಮುಂಡರಗಿ ಬಸ್ಸಿಗೆ ಕಾಯುತ್ತಿತ್ತು.

ಮರುವಾರವೇ ಏನೋ ನೆಪ ಮಾಡಿ ಮುಂಡರಗಿಗೆ ಹೋದೆ. ಅಕ್ಕನ ಗಂಡ, ನಮ್ಮ ಮಾಮಾ, ಅಲ್ಲಿ ಕಿರಾಣಿ ಅಂಗಡಿ ಇಟ್ಟವರು. ಮಾತು ಕಡಿಮೆ, ತಕ್ಕಡಿ ಮಾತ್ರ ಬಲು ನಿಖರ. ಆದರೆ ಜರ್ದಾಳಿನ ವಿಷಯ ತೆಗೆದದ್ದೇ ತಡ, ಅಂಗಡಿಗೆ ಬಂದ ಗಿರಾಕಿಯನ್ನೂ ನಿಲ್ಲಿಸಿಕೊಂಡು ಉಪನ್ಯಾಸ ಶುರು ಮಾಡಿದರು.

"ತಂಗೀ, ಇದು ಹೊಟ್ಟಿ ಸಾಫ ಇಡತೈತಿ. ಹೊಟ್ಟಿ ಹಗರಾದ್ರ ಮಾರಿ ಹಗರ. ಕಣ್ಣಿಗೆ ಚಲೋ, ರಕ್ತಕ್ಕ ಚಲೋ. ಚರ್ಮ ಅಂತೀ, ನಿಮ್ಮಕ್ಕನ್ನ ನೋಡು. ನಾ ಏನ ಹೇಳೂದು?"

ಗಿರಾಕಿ ಅಕ್ಕನನ್ನು ನೋಡಿದ. ಅಕ್ಕ ಒಳಗೆ ಓಡಿದಳು. ಆಮೇಲೆ ಅಡುಗೆಮನೆಯಲ್ಲಿ ನಿಜ ಸಂಗತಿ ಹೊರಬಿತ್ತು. ಎಷ್ಟೋ ವರ್ಷದ ಹಿಂದೆ ಗದಗಿನ ಹೋಲ್‌ಸೇಲ್ ವ್ಯಾಪಾರಿಯೊಬ್ಬ ಮಾಮಾರಿಗೆ ಒಂದು ಪೆಟ್ಟಿಗೆ ಜರ್ದಾಳು ಗಂಟುಹಾಕಿ ಕಳಿಸಿದ್ದನಂತೆ. ಮುಂಡರಗಿಯ ಮಂದಿ ಉತ್ತತ್ತಿ ಕೇಳುತ್ತಾರೆ, ಒಣದ್ರಾಕ್ಷಿ ಕೇಳುತ್ತಾರೆ, ಜರ್ದಾಳು ಯಾರೂ ಕೇಳಲಿಲ್ಲ. ಮಾಲು ಚೆಲ್ಲಲು ವ್ಯಾಪಾರಿಯ ಜೀವ ಒಪ್ಪುತ್ತದೆಯೇ? ದಿನಾ ಸಂಜೆ ಒಂದಿಷ್ಟು ತೊಳೆದು ಬಟ್ಟಲಲ್ಲಿ ನೆನೆಹಾಕಿ, ಬೆಳಿಗ್ಗೆ ಹೆಂಡತಿಯ ಮುಂದೆ ಹಿಡಿದರು. ಹೀಗೆ ಮಾರಾಟವಾಗದ ಮಾಲು ನಮ್ಮಕ್ಕನ ಕೆನ್ನೆಯ ಮೇಲೆ ಬಂದು ಕೂತಿತು.

"ಆ ಪೆಟಗಿ ಅವಾಗ ಖಾಲಿ ಆತು," ಎಂದಳು ಅಕ್ಕ, ಒಲೆಯ ಕಡೆ ಮುಖ ಮಾಡಿ. "ಮುಂದ ಅವರು ತರೂದು ಬಿಡಲಿಲ್ಲ. ನೆನಿ ಹಾಕೂದೂ ಬಿಡಲಿಲ್ಲ." ಹೇಳುವಾಗ ಅವಳ ಕಿವಿ ಕೆಂಪಾಗಿತ್ತು. ನನಗೆ ಅದನ್ನೆಲ್ಲ ಗಮನಿಸಲು ಪುರುಸೊತ್ತಿರಲಿಲ್ಲ, ಎಷ್ಟು ಹೊತ್ತು ನೆನೆಸಬೇಕು, ನೀರು ಕುಡಿಯಬೇಕೋ ಚೆಲ್ಲಬೇಕೋ ಎಂದು ಕೇಳಿ ತಿಳಿದುಕೊಳ್ಳುವ ಗಡಿಬಿಡಿಯಲ್ಲಿದ್ದೆ.

ಬೆಟಗೇರಿಗೆ ಬಂದು ನನ್ನ ಸಾಧನೆ ಆರಂಭವಾಯಿತು. ಅಕ್ಕ ಒಂದು ಸಣ್ಣ ಬಟ್ಟಲು ತಿಂದರೆ ನಾನು ದೊಡ್ಡ ಬಟ್ಟಲು ತಿನ್ನಬೇಕು, ಅವಳು ಎಷ್ಟೋ ವರ್ಷದಿಂದ ತಿಂದದ್ದನ್ನು ನಾನು ಒಂದೇ ವರ್ಷದಲ್ಲಿ ಮುಗಿಸಬೇಕಲ್ಲ. ನಮ್ಮ ಮನೆಯವರದು ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್. ಹಗಲೆಲ್ಲ ಲಗ್ನಪತ್ರಿಕೆಯ ಪ್ರೂಫ್ ತಿದ್ದಿ ತಿದ್ದಿ ಅವರಿಗೆ ಎಲ್ಲದರಲ್ಲೂ ತಪ್ಪು ಹುಡುಕುವ ಚಟ. ನಾನು ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಕೆನ್ನೆ ಎಳೆದು ನೋಡಿಕೊಳ್ಳುವುದನ್ನು ಒಂದು ವಾರ ಸುಮ್ಮನೆ ನೋಡಿದರು. ಎಂಟನೆಯ ದಿನ ತಡೆಯಲಾಗಲಿಲ್ಲ.

"ತಿದ್ದೂದೆಲ್ಲ ಪ್ರೂಫಿನ್ಯಾಗ ತಿದ್ದಬೇಕು. ಛಾಪಾ ಆದ ಮ್ಯಾಲೆ ತಿದ್ದಾಕ ಬರಂಗಿಲ್ಲ."

ಆ ದಿನ ಅವರಿಗೆ ಮಧ್ಯಾಹ್ನದ ಡಬ್ಬಿಯಲ್ಲಿ ಬರೀ ರೊಟ್ಟಿ, ಚಟ್ನಿಪುಡಿ ಹೋಯಿತು. ಪಲ್ಯ ಮನೆಯಲ್ಲೇ ಉಳಿಯಿತು.

ಹೊಟ್ಟೆಗೆ ತಿಂದದ್ದು ಮುಖಕ್ಕೆ ಬರಲು ತಡವಾಗುತ್ತದೆಂದು ನೇರವಾಗಿ ಮುಖಕ್ಕೇ ಹಚ್ಚುವ ಯೋಚನೆ ಬಂತು. ನೆನೆದ ಜರ್ದಾಳು ಅರೆದು, ಕಡಲೆಹಿಟ್ಟು, ಮೊಸರು ಕಲಸಿ ಬಳಿದುಕೊಂಡು ಹಿತ್ತಲಿನ ಕಟ್ಟೆಗೆ ಒರಗಿದೆ. ತಂಪಾಗಿತ್ತು, ಕಣ್ಣು ಹತ್ತಿತು. ಎಚ್ಚರಾದದ್ದು ಗದ್ದದ ಮೇಲೆ ಏನೋ ನಡೆದಾಡಿದಾಗ. ಕಟ್ಟೆಯ ಇರುವೆಗಳಿಗೆ ಸಿಹಿಯ ಖಬರ ಹೋಗಿತ್ತು, ಸಾಲಾಗಿ ಬಂದಿದ್ದವು. ಮುಖ ತೊಳೆದ ಮೇಲೆ ಕೆನ್ನೆ ನಿಜವಾಗಿಯೂ ಕೆಂಪಾಗಿತ್ತು. ಪಕ್ಕದ ಮನೆಯಾಕೆ ನೋಡಿ, "ಏನ ಕಳಾ ಬಂದೈತ್ರಿ ಮಾರಿಗೆ!" ಎಂದಳು. ನಾನು ಇರುವೆಯ ಸಂಗತಿ ಹೇಳಲಿಲ್ಲ, ಹೊಗಳಿಕೆ ಯಾವ ದಾರಿಯಿಂದ ಬಂದರೇನು.

ದೊಡ್ಡ ಬಟ್ಟಲಿನ ಫಲ ಸಿಕ್ಕಿದ್ದು ಲಕ್ಷ್ಮೇಶ್ವರಕ್ಕೆ ಒಂದು ಮದುವೆಗೆ ಹೊರಟ ದಿನ. ಮಾಮಾ ಹೇಳಿದ್ದರಲ್ಲ, ಹೊಟ್ಟೆ ಸಾಫ ಇಡುತ್ತದೆ ಎಂದು. ಹೇಳದೆ ಬಿಟ್ಟದ್ದು, ಅದು ಬಸ್ಸು, ಊರು, ಉಟ್ಟ ರೇಷ್ಮೆ ಸೀರೆ ಯಾವುದನ್ನೂ ನೋಡುವುದಿಲ್ಲ ಎಂಬುದನ್ನು. ಗದಗ ಬಿಟ್ಟ ಬಸ್ಸು ಮಲ್ಲಸಮುದ್ರ ಮುಟ್ಟುವಷ್ಟರಲ್ಲಿ ನನಗೆ ಬೆವರು ಕಿತ್ತುಬಂತು. ಎದ್ದು ನಿಂತು ಬಸ್ಸು ನಿಲ್ಲಿಸೆಂದು ಕೂಗಿದೆ.

"ಲಕ್ಷ್ಮೇಶ್ವರಕ್ಕ ಟಿಕೀಟ ತಗಸೀರಲ್ರಿ?" ಎಂದ ಕಂಡಕ್ಟರ್.

"ಇಲ್ಲೆ ನಮ್ಮ ಬೀಗರ ಅದಾರ, ಈಗ ನೆನಪಾತು," ಎಂದು ಇಳಿದೆ. ಮೊದಲು ಕಂಡ ಮನೆಯ ಬಾಗಿಲು ಬಡಿದೆ. ಬಾಗಿಲು ತೆರೆದ ಹೆಣ್ಣುಮಗಳು ನನ್ನ ಮುಖ ನೋಡಿಯೇ ಎಲ್ಲ ಅರ್ಥ ಮಾಡಿಕೊಂಡು ಹಿತ್ತಲ ಕಡೆ ಕೈ ತೋರಿಸಿದಳು. ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ಹೊರಗೆ ಬಂದ ಮೇಲೆ ಕೂರಿಸಿ, ಚಹಾ ಕೊಟ್ಟು, ಸೌಮ್ಯವಾಗಿ ಒಂದು ಮಾತು ಹೇಳಿದಳು: "ಇರಲಿ ಬಿಡ್ರಿ ದೊಡ್ಡವ್ವಾರ, ವಯಸ್ಸಾದ ಮ್ಯಾಲೆ ಹಿಂಗ ಆಗತೈತಿ." ಅವಳ ತಲೆಯಲ್ಲೂ ನನ್ನಷ್ಟೇ ಬಿಳಿಗೂದಲಿತ್ತು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಸುಮ್ಮನೆ ಚಹಾ ಕುಡಿದೆ.

ಕೊನೆಗೆ ಡಾಕ್ಟರಬಾಯಿಯ ಹತ್ತಿರ ಹೋಗಬೇಕಾಯಿತು. ಆಕೆ ಎಲ್ಲವನ್ನೂ ಕೇಳಿ, ಇರುವೆಯ ಭಾಗ ಬಂದಾಗ ಪೆನ್ನು ಕೆಳಗಿಟ್ಟು ನಕ್ಕರು. "ತಿನ್ರಿ, ಚಲೋ ಹಣ್ಣ ಐತಿ. ಹೊಟ್ಟಿಗೂ ಚಲೋ, ಕಣ್ಣಿಗೂ ಚಲೋ. ಆದ್ರ ನಾಕೈದು ಸಾಕು. ಒಳಗಿನ ಬೀಜ ಒಡದು ತಿನ್ನಬ್ಯಾಡ್ರಿ, ಕಹಿ ಬೀಜ ವಿಷ ಇರತೈತಿ. ಇನ್ನ ಚರ್ಮಕ್ಕ ಅಂದ್ರ ನೀರು ಕುಡೀರಿ, ನಿದ್ದಿ ಮಾಡ್ರಿ, ಬಿಸಿಲಾಗ ಅಡ್ಡಾಡಬ್ಯಾಡ್ರಿ." ಎದ್ದು ಬರುವಾಗ ಹಿಂದಿನಿಂದ ಕೂಗಿ ಹೇಳಿದರು, "ಹುಟ್ಟಿದ ವರ್ಷ ಮಾತ್ರ ಯಾ ಹಣ್ಣ ತಿಂದ್ರೂ ಬದಲಾಗಂಗಿಲ್ರಿ." ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ನನ್ನನ್ನು ನೋಡಿದರು. ವೈದ್ಯರು ಗುಟ್ಟು ಕಾಯುತ್ತಾರೆ ಎನ್ನುವುದೆಲ್ಲ ಸುಳ್ಳು.

ನಾಲ್ಕೈದಕ್ಕೆ ಇಳಿಸಿದ ಮೇಲೆ ಸಂಗತಿ ಸುಧಾರಿಸಿತು. ಬೆಳಗಿನ ಹೊತ್ತು ಮೈ ಹಗುರ, ಹೊಟ್ಟೆ ತನ್ನ ಪಾಡಿಗೆ ತಾನು. ಮುಖಕ್ಕೂ ಏನೋ ಒಂದು ಮಿಂಚು ಬಂದಂತೆ ನನಗೆ ಕಾಣುತ್ತಿತ್ತು. ನಮ್ಮ ಮನೆಯವರಿಗೆ ಕಾಣುತ್ತಿರಲಿಲ್ಲ, ಅವರಿಗೆ ಕನ್ನಡಕದ ನಂಬರು ಹೆಚ್ಚಾಗಿತ್ತು.

ಹೀಗೆ ಸಿದ್ಧಳಾಗಿ ಎರಡನೆಯ ಪಂಚಮಿಗೆ ಶಿರಹಟ್ಟಿಗೆ ಹೋದೆ. ಹೊರಡುವ ದಿನ ಎಣ್ಣೆ ಹಚ್ಚಿ ತಲೆ ಬಾಚಿ, ಹೂ ಮುಡಿದು, ಅಕ್ಕನಿಗಿಂತ ಮೊದಲೇ ಚಾಪೆ ಹಿಡಿದು ಬೆಳಕಿಗೆ ಮುಖ ಮಾಡಿ ಕೂತೆ. ಹುಡುಗಿ ತಟ್ಟೆ ಹಿಡಿದು ಬಂದಳು. ಬಂದವಳೇ ನೇರವಾಗಿ ಅಕ್ಕನ ಮುಂದೆ ಕೂತು, "ಸೆರಗ ಹಿಡೀರಿ ದೊಡ್ಡತ್ತಿ" ಎಂದಳು. ನನಗೆ ಸ್ವರ್ಗ ಮೂರೇ ಗೇಣು. ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದೆ. ಅಷ್ಟರಲ್ಲಿ ವೈನಿ ಒಳಗಿನಿಂದ ಬಂದು ಎಲ್ಲ ಹಾಳುಮಾಡಿದಳು.

"ಹೋದ ವರ್ಷ ತಪ್ಪಿದ್ದಕ್ಕ ಬೈದಿದ್ದೆ. ಅದಕ್ಕ ಈ ಸಲ ಹೇಳಿಕೊಟ್ಟೇನಿ, ಮಾರಿ ಹೊಳಿಯಾಕಿ ದೊಡ್ಡಾಕಿ, ಇನ್ನೊಬ್ಬಾಕಿ ಸಣ್ಣಾಕಿ, ನೆನಪಿಟಗೋ ಅಂತ."

ಅಕ್ಕ ನಕ್ಕ ರಭಸಕ್ಕೆ ಉಡಿಯ ಅಕ್ಕಿ ಅರ್ಧ ಚಾಪೆಯ ಮೇಲೆ ಚೆಲ್ಲಿತು. ಅವಳನ್ನು ಕರೆದೊಯ್ಯಲು ಬಂದಿದ್ದ ಮಾಮಾ ಅಂಗಳದಲ್ಲಿ ನಿಂತು, "ತಂಗೀ, ಮುಂದಿನ ಪಂಚಮಿಗೆ ನಿನಗೊಂದು ಪೆಟಗೀನ ಕಳಸ್ತೇನಿ" ಎಂದರು.

ಆ ಮುಂದಿನ ಪಂಚಮಿ ಅವರು ನೋಡಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಗಾದಿಯ ಮೇಲೆ ಕೂತವರು ಹಾಗೆಯೇ ಒರಗಿದರಂತೆ. ನೋವಿಲ್ಲದೆ ಹೋದರು ಎಂದು ಎಲ್ಲರೂ ಹೇಳಿದರು. ಉಳಿದವರ ನೋವಿಗೆ ಆ ಮಾತಿನಿಂದ ಏನೂ ಕಡಿಮೆಯಾಗುವುದಿಲ್ಲ.

ತಿಂಗಳ ಮೇಲೆ ಮುಂಡರಗಿಗೆ ಹೋಗಿ ಅಕ್ಕನ ಜತೆ ಕೆಲವು ದಿನ ಇದ್ದೆ. ಅಂಗಡಿಯನ್ನು ಮಗ ಸೊಸೆ ನೋಡಿಕೊಳ್ಳುತ್ತಿದ್ದರು, ಮನೆಯಲ್ಲಿ ಮಂದಿ ಇದ್ದರು, ಅವಳು ಮಾತ್ರ ಅವರ ನಡುವೆ ಇದ್ದೂ ಇಲ್ಲದ ಹಾಗಿದ್ದಳು. ಜರ್ದಾಳಿನ ಡಬ್ಬಿ ಮುಚ್ಚಳ ಬಿಗಿದು ಗೋಡೆಯ ಮಾಡದಲ್ಲಿತ್ತು. ಸಂಜೆ ನಾನೇ ತೆಗೆದು ನೆನೆಹಾಕಿದೆ.

"ಯಾಕ ಹಾಕ್ತಿ? ಹಾಕವ್ರು ಹೋದ್ರು," ಎಂದಳು.

"ನಾ ಇನ್ನೂ ಅದೇನಿ. ನಾ ಏನ ಅವರಷ್ಟ ಚಂದ ನೆನಿ ಹಾಕಂಗಿಲ್ಲ, ಸುಮ್ಮನ ತಿನ್ನು."

ಬೆಳಿಗ್ಗೆ ಒಂದೇ ಒಂದು ತಿಂದಳು, ಅದೂ ನನ್ನ ಬಾಯಿ ಮುಚ್ಚಿಸಲು. ಕಿಟಕಿಯ ಬೆಳಕಲ್ಲಿ ಅವಳ ಮುಖ ನೋಡಿದೆ. ಕೆನ್ನೆ ಇಳಿದಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ಈಗ ಕಣ್ಣು ಮುಚ್ಚಿಕೊಂಡು ಬಂದವರೂ ಅವಳೇ ಅಕ್ಕ ಎಂದು ಹೇಳುತ್ತಿದ್ದರು. ನಾನು ಕೇಳಿದ್ದೇ ಸಿಕ್ಕಿತ್ತು, ಆದರೆ ಹೀಗೆ ಸಿಗಲಿ ಎಂದು ಯಾರು ಕೇಳಿದ್ದರು? ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಆ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೋ ತಿಳಿಯದೆ ಅವರ ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದೆ.

ಮೂರನೆಯ ಪಂಚಮಿಗೆ ಅಕ್ಕ ಬರುವುದಿಲ್ಲ ಎಂದಳು. ಅಣ್ಣ ತಾನೇ ಹೋಗಿ ಕರೆತಂದ. ಉಂಡಿ ಕಟ್ಟುವುದರಲ್ಲಿ, ನಮ್ಮ ಜತೆ ಬಂದ ಮೊಮ್ಮಕ್ಕಳ ಜೋಕಾಲಿ ತೂಗುವುದರಲ್ಲಿ ದಿನ ಹೋದವು. ಹೊರಡುವ ದಿನದ ಬಗ್ಗೆ ಯಾರೂ ಮಾತಾಡಲಿಲ್ಲ, ಆದರೆ ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು. ಗಂಡ ಹೋದವಳಿಗೆ ನಮ್ಮ ಮನೆಯಲ್ಲಿ ಉಡಿ ತುಂಬುವುದಿಲ್ಲ. ಅವ್ವನ ಕಾಲದಿಂದ, ಅವ್ವನ ಅತ್ತೆಯ ಕಾಲದಿಂದ ಹಾಗೇ ಬಂದದ್ದು. ಅಕ್ಕ ಹುಟ್ಟಿದ ಮನೆಯಿಂದ ಈ ಸಲ ಬರಿಗೈಲಿ ಹೊರಡಬೇಕು, ಅದೂ ನನ್ನ ಸೆರಗು ತುಂಬುವುದನ್ನು ನೋಡಿಕೊಂಡು.

ಆ ದಿನ ಪಡಸಾಲೆಯಲ್ಲಿ ಓಣಿಯ ನಾಲ್ಕಾರು ಹೆಣ್ಣುಮಕ್ಕಳೂ ಇದ್ದರು. ಚಾಪೆ ಹಾಸಿತ್ತು, ಒಬ್ಬರಿಗೆ ಸಾಲುವಷ್ಟು. ಅಕ್ಕ ತನ್ನ ಚೀಲ ಜೋಡಿಸಿಕೊಂಡು, ಯಾರಿಗೂ ತೊಂದರೆಯಾಗಬಾರದೆಂದು ತಾನಾಗಿಯೇ ಅಡುಗೆಮನೆಯ ಬಾಗಿಲಿಗೆ ಸರಿದು ನಿಂತಿದ್ದಳು. ಅವಳ ಆ ಜಾಣತನ ನನಗೆ ಸಹಿಸಲಾಗಲಿಲ್ಲ. ಹುಡುಗಿ ತಟ್ಟೆ ತಂದು, ತಲೆ ಎತ್ತದೆ ನನ್ನ ಮುಂದೆ ಕೂತಳು.

"ಸೆರಗ ಹಿಡೀರಿ ಅತ್ತಿಯಾರ."

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಯಾಕವಾ, ಮೊದಲ ನನಗ್ಯಾಕ? ನಾ ಏನ ಹಿರಿಯಾಕಿನ?"

ಹುಡುಗಿ ಗಾಬರಿಯಾಗಿ ವೈನಿಯ ಕಡೆ ನೋಡಿದಳು. ವೈನಿ ಮೆಲ್ಲಗೆ, "ಗೊತ್ತಿದ್ದದ್ದ ಐತಲ್ಲ, ಯಾಕ ಹಂಗ ಮಾಡ್ತಿ" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಕೆಟ್ಟವಳಲ್ಲ ವೈನಿ.

"ನನಗ ಗೊತ್ತಿದ್ದದ್ದು ಒಂದ. ಆಕಿ ನನಗಿಂತ ನಾಕ ವರ್ಷ ದೊಡ್ಡಾಕಿ. ಹೊಟ್ಟಿ ಕೆಡೂ ಮಟ ಜರ್ದಾಳು ತಿಂದೇನಿ, ಮಾರಿಗೆ ಇರಿವಿ ಹತ್ತಿಸಿಕೊಂಡೇನಿ. ಇಷ್ಟೆಲ್ಲ ಮಾಡಿ ಸಣ್ಣಾಕಿ ಆಗೇನಿ. ಈಗ ಊರ ಮುಂದ ನನ್ನ ಮತ್ತ ಹಿರಿಯಾಕಿನ್ನ ಮಾಡಾಕ ಹೊಂಟೀರೇನ?"

"ಮಂದಿ ಏನಂದಾರು?" ಎಂದಳು ವೈನಿ.

"ನನಗ ಮುದುಕಿ ಅಂತಾರ! ಅದಕ್ಕ ಹೇಳಾಕತ್ತೇನಿ. ಆಕಿಗೆ ತುಂಬದ ನನಗ ತುಂಬಿದ್ರ ನಾ ಇಲ್ಲಿಂದ ಏಳಂಗಿಲ್ಲ. ಇಲ್ಲೇ ಉಣ್ಣತೇನಿ, ಇಲ್ಲೇ ಮಲಗತೇನಿ. ನಿಮಗ ಗೊತ್ತೈತಿ ನಾ ಎಷ್ಟ ಉಣ್ಣತೇನಿ ಅಂತ."

ಓಣಿಯ ಹೆಣ್ಣುಮಕ್ಕಳಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು, ಅವಳ ಹಿಂದೆ ಉಳಿದವರೂ ನಕ್ಕರು. ಹೊರಗೆ ಕಟ್ಟೆಯ ಮೇಲಿದ್ದ ಅಣ್ಣ ಒಳಗೆ ಮುಖ ಹಾಕಿ, "ಹಿರಿಯಾಕಿಗೆ ಮೊದಲ ತುಂಬ್ರಿ, ಬಸ್ ಹೋಗತೈತಿ" ಎಂದ. ಅಷ್ಟೇ ಹೇಳಿ ಜಲ್ದಿ ಮುಖ ತಿರುಗಿಸಿಕೊಂಡ.

ಎದ್ದವಳು ಆ ಲಕ್ಷ್ಮೇಶ್ವರದ ಹುಡುಗಿ. ಒಳಗೆ ಹೋಗಿ ಇನ್ನೊಂದು ಚಾಪೆ ತಂದು ನನ್ನ ಚಾಪೆಯ ಪಕ್ಕದಲ್ಲಿ, ಒಂದು ಗೇಣು ಮುಂದೆ ಹಾಸಿದಳು. ಅಕ್ಕನ ಕೈ ಹಿಡಿದಳು. ಅಕ್ಕ "ಬ್ಯಾಡವಾ, ಬ್ಯಾಡ" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ವೈನಿ ಹೋಗಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕರೆತಂದು ಕೂರಿಸಿದಳು. ಹುಡುಗಿ ಅರಿಶಿನ ಹಚ್ಚಿದಳು. ಕುಂಕುಮದ ಬಟ್ಟಲಿನ ಮೇಲೆ ಅವಳ ಬೆರಳು ಒಂದು ಗಳಿಗೆ ನಿಂತಿತು. ಅಕ್ಕ ಅವಳ ಮುಖ ನೋಡಿ ಹಣೆ ಮುಂದೆ ಮಾಡಿದಳು.

ಅಕ್ಕಿ ಅಕ್ಕನ ಸೆರಗಿಗೆ ಬಿತ್ತು. ಇಷ್ಟು ಹೊತ್ತು ಬಾಯಿ ಮಾಡಿದವಳು ನಾನೇ, ಈಗ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ತಲೆ ತಗ್ಗಿಸಿ ಕೂತೆ. ಕೊಬ್ಬರಿ, ಉತ್ತತ್ತಿ, ಅಡಿಕೆ, ಒಂದೊಂದಾಗಿ ಬಿದ್ದವು. ಈ ಸಲ ಅಕ್ಕನ ಸೆರಗಿನಿಂದ ಒಂದು ಕಾಳೂ ಚೆಲ್ಲಲಿಲ್ಲ. ಆಮೇಲೆ ಅವಳು ನನ್ನ ಕಡೆ ಓರೆಯಾಗಿ ನೋಡಿ, ಎಷ್ಟೋ ತಿಂಗಳಿಂದ ನಾನು ಕೇಳಿರದ ಆ ಹಳೆಯ ಕಿಡಿಗೇಡಿ ದನಿಯಲ್ಲಿ ಹುಡುಗಿಗೆ ಹೇಳಿದಳು:

"ನಂದು ಆತು. ಇನ್ನ ಲಗೂನ ಇಕಿಗೆ ತುಂಬವಾ. ಸಣ್ಣಾಕಿ ಐತಿ, ಅಳಾಕತ್ತೈತಿ."